ಉಣಿಸುವ ಕೈ, ಉಣ್ಣುವ ಕೈ

ಹಸುಗೂಸು ಇನ್ನೊಬ್ಬರ ಕೈಯಿಂದ ಉಣ್ಣುವುದನ್ನು ಬಿಟ್ಟು ತನ್ನ ಕೈಯಿಂದಲೇ ತಿನ್ನಲು ಕಲಿಯುವುದು ಸುಮಾರು ಆರನೆಯ ತಿಂಗಳಿನಿಂದ ಒಂದೂವರೆ ವರ್ಷದೊಳಗೆ ನಡೆಯುವ ಬದಲಾವಣೆ. ವೈದ್ಯರು ಇದನ್ನು ಪೋಷಣೆಯ ಮತ್ತು ಬೆರಳುಗಳ ಹಿಡಿತದ ವಿಷಯವಾಗಿ ವಿವರಿಸುತ್ತಾರೆ. ಧರ್ಮಚಿಂತನೆಗೂ ಇಲ್ಲಿ ಕೆಲಸವಿದೆ. ತುತ್ತು ಬಾಯಿ ಸೇರಿದಾಗ ಮಾಡಿದವರು ಯಾರು, ಉಂಡವರು ಯಾರು, ಕೊಟ್ಟವರು ಯಾರು ಎಂಬ ಮೂರು ಪ್ರಶ್ನೆಗಳನ್ನು ನಮ್ಮ ದರ್ಶನಗಳು ಕರ್ತೃತ್ವ, ಭೋಕ್ತೃತ್ವ, ಪ್ರಸಾದ ಎಂಬ ಹೆಸರಿನಲ್ಲಿ ಶತಮಾನಗಳಿಂದ ಚರ್ಚಿಸುತ್ತ ಬಂದಿವೆ. ಆ ಚರ್ಚೆಗೆ ಕಣ್ಣಮುಂದಿನ ಉದಾಹರಣೆ ಬೇಕಿದ್ದರೆ, ತಟ್ಟೆಯ ಮುಂದೆ ಕೂತ ಎಂಟು ತಿಂಗಳ ಮಗುವಿಗಿಂತ ಒಳ್ಳೆಯದು ಸಿಗಲಾರದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಎದೆಹಾಲಿನ ಜೊತೆಗೆ ಮಗುವಿಗೆ ಮೊದಲು ಕೊಡುವ ಆಹಾರಗಳಲ್ಲಿ ಮುಖ್ಯವಾದದ್ದು ರಾಗಿ ಸರಿ. ರಾಗಿಯನ್ನು ತೊಳೆದು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ಜಾಲಿಸಿ ತೆಗೆದ ಹಿಟ್ಟಿನಿಂದ ಅದನ್ನು ಕಾಯಿಸುತ್ತಾರೆ. ಹಿಂದಿನವರು ಮಕ್ಕಳಿಗೆ ತೆಳ್ಳಗಿನದನ್ನು ಒಳಲೆಯಲ್ಲಿ ಕುಡಿಸುತ್ತಿದ್ದರು, ಗಟ್ಟಿಯಾದದ್ದನ್ನು ಬೆರಳ ತುದಿಯಲ್ಲಿ ನೆಕ್ಕಿಸುತ್ತಿದ್ದರು. ಚಮಚ ಬಂದದ್ದು ಆಮೇಲೆ. ಸರಿಯ ನಂತರ ಬೇಳೆಕಟ್ಟಿನಲ್ಲಿ ಕಿವುಚಿದ ಅನ್ನ, ತುಪ್ಪ, ಬಾಳೆಹಣ್ಣು, ಸಾರಿನಲ್ಲಿ ನೆನೆದ ಮುದ್ದೆಯ ಚೂರು. ದೊಡ್ಡವರು ಚಮಚ, ಫೋರ್ಕುಗಳಿಂದ ಉಣ್ಣುವ ದೇಶಗಳಲ್ಲಿ ಕೈಯಿಂದ ತಿನ್ನುವ ತಿನಿಸು ಮಗುವಿನ ಪ್ರಾಯಕ್ಕೆ ಮೀಸಲಾದ ಒಂದು ಪ್ರತ್ಯೇಕ ವರ್ಗ. ಇಲ್ಲಿ ಮನೆಯ ಯಜಮಾನನಿಂದ ಹಿಡಿದು ತೋಟದಲ್ಲಿ ಕಾಯಿ ಕೆಡವಲು ಬಂದವರವರೆಗೆ ಎಲ್ಲರೂ ಕೈಯಲ್ಲೇ ಉಣ್ಣುತ್ತಾರೆ. ಹಾಗಾಗಿ ಮಗು ದಾಟುವುದು ತಾಯಿಯ ಕೈಯಿಂದ ತನ್ನ ಕೈಗೆ. ಚಮಚ ಆ ನಡುವೆ ಬಂದು ಹೋಗುವ ವಸ್ತು.

ಧರ್ಮಶಾಸ್ತ್ರ ಗುರುತಿಸಿರುವುದು ಇವೆರಡರಲ್ಲಿ ಮೊದಲ ಕೈಯನ್ನು ಮಾತ್ರ. ಆಶ್ವಲಾಯನ ಗೃಹ್ಯಸೂತ್ರ ಆರನೆಯ ತಿಂಗಳಲ್ಲಿ ಅನ್ನಪ್ರಾಶನ ವಿಧಿಸುತ್ತದೆ. ಮೊಸರು, ಜೇನು, ತುಪ್ಪ ಬೆರೆಸಿದ ಅನ್ನವನ್ನು ಹೇಳುತ್ತದೆ, ತೇಜಸ್ಸು ಬಯಸುವವರಿಗೆ ಬರೀ ತುಪ್ಪದನ್ನವನ್ನೂ ಹೇಳುತ್ತದೆ. ಮನುಸ್ಮೃತಿಯದೂ ಆರನೆಯ ತಿಂಗಳೇ. ಸುಶ್ರುತ ಸಂಹಿತೆ ಅದೇ ತಿಂಗಳಲ್ಲಿ ಹಗುರವೂ ಹಿತವೂ ಆದ ಅನ್ನ ಕೊಡಲು ತಿಳಿಸಿದರೆ, ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆ ಆರನೆಯ ತಿಂಗಳಲ್ಲಿ ಹಣ್ಣು, ಹತ್ತನೆಯ ತಿಂಗಳಲ್ಲಿ ಅನ್ನ ಎಂದು ಎರಡು ಮೆಟ್ಟಿಲು ಇಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುವುದೂ ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಅಲ್ಲಿಂದ ಮುಂದೆ ಎದೆಹಾಲಿನ ಜೊತೆಗೆ ಇತರ ಆಹಾರ ಎಂದೇ. ಒಂದು ವಿಷಯದಲ್ಲಿ ಮಾತ್ರ ಹಳೆಯ ದ್ರವ್ಯವನ್ನು ಕೈಬಿಡಬೇಕು. ಜೇನಿನಲ್ಲಿರಬಹುದಾದ ಬೊಟುಲಿನಂ ಬೀಜಾಣುಗಳು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಬೆಳೆದು ವಿಷವಾಗಬಲ್ಲವು. ಆದ್ದರಿಂದ ವರ್ಷ ತುಂಬುವ ಮೊದಲು ಜೇನು ನೆಕ್ಕಿಸಬಾರದು. ತುಪ್ಪದನ್ನದ ಆಯ್ಕೆ ಅದೇ ಸೂತ್ರದಲ್ಲಿರುವುದರಿಂದ ಸಂಸ್ಕಾರಕ್ಕೆ ಕೊರತೆಯಾಗುವುದಿಲ್ಲ.

ಮಗು ತಾನಾಗಿ ತಿಂದ ಮೊದಲ ದಿನಕ್ಕೆ ಹದಿನಾರು ಸಂಸ್ಕಾರಗಳಲ್ಲಿ ಜಾಗವಿಲ್ಲ. ಅನ್ನಪ್ರಾಶನಕ್ಕೆ ಹೊಂದಿಕೊಂಡು ಕೆಲವು ಮನೆಗಳಲ್ಲಿ ಮಗುವಿನ ಮುಂದೆ ಪುಸ್ತಕ, ಲೇಖನಿ, ಚಿನ್ನ, ಆಯುಧ ಇಟ್ಟು ಅದು ಯಾವುದನ್ನು ಹಿಡಿಯುತ್ತದೋ ಅದೇ ಅದರ ಜೀವನೋಪಾಯವೆಂದು ನೋಡುವ ವಾಡಿಕೆಯಿದೆ. ಸಂಸ್ಕಾರ ನಿಬಂಧಗಳಲ್ಲೂ ಇದರ ಮಾತು ಬರುತ್ತದೆ. ಆ ಪುಟ್ಟ ಕೈಯನ್ನು ಇಡೀ ಬದುಕಿನ ಆಯ್ಕೆಗೆ ನಂಬಿದವರು ತುತ್ತಿನ ವಿಷಯಕ್ಕೆ ಯಾಕೆ ನಂಬಲಿಲ್ಲ? ಸಂಸ್ಕಾರವೆಂದರೆ ಹಿರಿಯರು ಮಗುವಿಗೆ ಮಾಡುವಂಥದ್ದು, ಮುಹೂರ್ತ ನೋಡಿ ಮಾಡಬಹುದಾದಂಥದ್ದು. ತಾನೇ ತಿನ್ನುವುದನ್ನು ಯಾರೂ ಮಗುವಿಗೆ ಮಾಡಿಕೊಡಲಾರರು, ಅದಕ್ಕೆ ಮುಹೂರ್ತ ಇಡಲೂ ಆಗದು. ಶಾಸ್ತ್ರ ಇಲ್ಲಿ ಸುಮ್ಮನಿರುವುದು ಮರೆವಿನಿಂದಲ್ಲ ಎಂದು ತಿಳಿಯುವುದೇ ಹೆಚ್ಚು ಸರಿ.

ತಿಪಟೂರಿನ ಉಂಡೆಕೊಬ್ಬರಿಯ ಹದವೂ ಹೊರಗಿನಿಂದ ತರಿಸುವಂಥದ್ದಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದ ಕಾಯಿಯಲ್ಲಿ ಹತ್ತು ಹನ್ನೆರಡು ತಿಂಗಳಿಗೆ ನೀರು ಇಂಗಿ, ತಿರುಳು ಕರಟದಿಂದ ತಾನಾಗಿ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಸದ್ದಾಗುತ್ತದೆ. ಮಗು ಹುಟ್ಟಿದಾಗ ಅಟ್ಟ ಸೇರಿದ ಕಾಯಿ ಕೊಬ್ಬರಿಯಾಗುವ ಹೊತ್ತಿಗೆ ಆ ಮಗುವೂ ತನ್ನ ಕೈಯಿಂದ ತಿನ್ನುತ್ತಿರುತ್ತದೆ. ಕರಟದಿಂದ ಬಿಟ್ಟ ಕೊಬ್ಬರಿಯನ್ನು ರಾಮಕೃಷ್ಣ ಪರಮಹಂಸರು ದೇಹಭಾವ ಬಿಟ್ಟ ಜ್ಞಾನಿಗೆ ಹೋಲಿಸಿದ್ದುಂಟು. ಮಗುವಿನ ಮಟ್ಟಿಗೆ ಈ ಹೋಲಿಕೆ ಕಾಲಪಕ್ವತೆಯವರೆಗೆ ಮಾತ್ರ ನಡೆಯುತ್ತದೆ. ಕಾಯಿಯನ್ನು ಅಟ್ಟದಲ್ಲಿ ಬಿಟ್ಟು ಮರೆಯಬಹುದು. ಮಗುವಿನ ಹತ್ತಿರ ಯಾರಾದರೂ ಕೂತಿರಲೇಬೇಕು.

ಕೂತು ನೋಡಿದರೆ ಕಾಣುವುದೇನು? ಆಸರೆಯಿಲ್ಲದೆ ಅಥವಾ ಸ್ವಲ್ಪ ಆಸರೆಯಿಂದ ನೆಟ್ಟಗೆ ಕೂರುವ ಮಗುವಿನ ಮುಂದೆ ಬೇಯಿಸಿದ ಸಿಹಿಗೆಣಸಿನ ಒಂದು ತುಂಡು ಇಟ್ಟರೆ, ಆರೇಳು ತಿಂಗಳಲ್ಲಿ ಅದು ಇಡೀ ಅಂಗೈಯಿಂದ ಬಾಚಿ ಹಿಡಿಯುತ್ತದೆ. ಮುಷ್ಟಿಯೊಳಗೆ ಸಿಕ್ಕ ಭಾಗ ಬಾಯಿಗೆ ಎಟುಕುವುದಿಲ್ಲ; ಹೊರಗೆ ಚಾಚಿದ ಭಾಗವನ್ನಷ್ಟೇ ಚೀಪಲು ಸಾಧ್ಯ. ಆದ್ದರಿಂದ ತುಂಡು ದೊಡ್ಡವರ ಬೆರಳಷ್ಟು ಉದ್ದವಿರಬೇಕು, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಹಿಸುಕಿ ಹೋಗುವಷ್ಟು ಮೆತ್ತಗಿರಬೇಕು. ಮಗು ಮೊದಲು ಅದನ್ನು ಹಿಸುಕುತ್ತದೆ, ಕೆನ್ನೆಗೆ ಒರೆಸಿಕೊಳ್ಳುತ್ತದೆ, ಕಣ್ಣೆದುರು ಹಿಡಿದು ನೋಡುತ್ತದೆ, ಬಾಯಿ ತಪ್ಪಿ ಗಲ್ಲಕ್ಕೆ ಒತ್ತುತ್ತದೆ, ಆಮೇಲೆ ಬಾಯಿ ಸಿಗುತ್ತದೆ. ಎಂಟು ಒಂಬತ್ತು ತಿಂಗಳ ಹೊತ್ತಿಗೆ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಎದುರಾಗಿ ಅನ್ನದ ಅಗುಳನ್ನು ಹೆಕ್ಕುವ ಹಿಡಿತ ಮೂಡತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಮೆರಿಕ ವಲಯದ ಕಚೇರಿ 2003ರಲ್ಲಿ ಹೊರತಂದ ಮಾರ್ಗಸೂತ್ರಗಳೂ ಎಂಟು ತಿಂಗಳಿಗೆ ಹೆಚ್ಚಿನ ಮಕ್ಕಳು ಕೈತಿನಿಸು ತಿನ್ನಬಲ್ಲರು, ವರ್ಷ ತುಂಬುವಾಗ ಮನೆಮಂದಿಯ ಊಟವನ್ನೇ ಉಣ್ಣಬಲ್ಲರು ಎನ್ನುತ್ತವೆ.

ಇಡ್ಲಿಯ ಉದ್ದನೆಯ ಹೋಳು, ಮೆತ್ತಗಿನ ದೋಸೆ, ಬೇಯಿಸಿದ ಸಿಹಿಕುಂಬಳ, ಕ್ಯಾರೆಟ್, ಪರಂಗಿಹಣ್ಣು, ಬಾಳೆಹಣ್ಣು, ಕಾಯಿಹಾಲಿನಲ್ಲಿ ನೆನೆಸಿ ತುಂಡು ಮಾಡಿದ ಒತ್ತುಶ್ಯಾವಿಗೆ ಇವೆಲ್ಲ ಈ ಸೀಮೆಯ ಅಡುಗೆಮನೆಯಲ್ಲೇ ಸಿಗುವಂಥವು. ಎಳನೀರಿನ ತೆಳ್ಳನೆಯ ಗಂಜಿಯನ್ನು ಕಿವುಚಿ ಕೊಡಬಹುದು. ಆದರೆ ನಾಡಿಗೆಲ್ಲ ಹೋಗುವ ಇಲ್ಲಿನ ಕೊಬ್ಬರಿಯ ಚೂರನ್ನೂ ಬಲಿತ ತೆಂಗಿನಕಾಯಿಯ ಹೋಳನ್ನೂ ಇಡೀ ಕಡಲೆಕಾಯಿ ಬೀಜವನ್ನೂ ಕೂಸಿನ ಕೈಗೆ ಕೊಡಬಾರದು. ಹಲ್ಲಿನಲ್ಲಿ ಅರೆಯಲಾಗದ ಗಟ್ಟಿ ಚೂರು ಜಾರಿ ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಚಟ್ನಿಗೆ ಅರೆದ ಕಾಯಿ, ಕಾಯಿಹಾಲು ಬೇರೆ ಮಾತು.

ಇಷ್ಟು ತಿಳಿದ ಮೇಲೆ ದರ್ಶನದ ಪ್ರಶ್ನೆಗೆ ಬರಬಹುದು. ಗೆಣಸಿನ ತುಂಡನ್ನು ಬೇಯಿಸಿದವಳು ತಾಯಿ, ಉದ್ದಕ್ಕೆ ಹೆಚ್ಚಿದವಳು ಅವಳು, ಎದುರಿಗಿಟ್ಟವಳೂ ಅವಳೇ. ಮಗು ಮಾಡಿದ್ದು ಕೊನೆಯ ಒಂದು ಗೇಣಿನಷ್ಟು ಕೆಲಸ. ಹಾಗಿದ್ದರೂ ತಿಂದದ್ದು ಮಗು ತಾನೇ ಎಂದು ಹೇಳುವುದು ನ್ಯಾಯವೇ? ಜೀವ ಮತ್ತು ಈಶ್ವರನ ನಡುವಿನ ಕರ್ತೃತ್ವದ ಪ್ರಶ್ನೆಯನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದ ಎತ್ತುವುದು ಇದೇ ಆಕಾರದಲ್ಲಿ: ಜೀವ ಕರ್ತೃವೆಂದು ಒಪ್ಪಿ, ಆ ಕರ್ತೃತ್ವ ಬಂದದ್ದು ಪರಮಾತ್ಮನಿಂದ ಎಂದೂ ಸೇರಿಸುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೆ ಎಂಬಲ್ಲಿ ಆಚಾರ್ಯರು ಬೇರೆ ಬೇರೆ ದಾರಿ ಹಿಡಿದರು. ಹೊಯ್ಸಳರ ಕಾಲದ ಅಗ್ರಹಾರವಾದ ತುರುವೇಕೆರೆಯಲ್ಲಿ ಬೇಟೆರಾಯ, ಚೆನ್ನಿಗರಾಯ, ಗಂಗಾಧರೇಶ್ವರ, ಮೂಲೆ ಶಂಕರೇಶ್ವರರ ಗುಡಿಗಳು ಒಂದೇ ಊರಿನೊಳಗಿವೆ. ಆ ದಾರಿಗಳೂ ಈ ಸೀಮೆಯಲ್ಲಿ ಅಷ್ಟೇ ನೆರೆಹೊರೆಯಾಗಿ ಬಾಳಿವೆ.

ಶಂಕರರ ಪ್ರಕಾರ ಕರ್ತೃತ್ವ ಆತ್ಮನ ಸ್ವಭಾವವಲ್ಲ, ಉಪಾಧಿಯಿಂದ ಬಂದದ್ದು. ಸೂತ್ರದಲ್ಲೇ ಬರುವ ಬಡಗಿಯ ದೃಷ್ಟಾಂತವನ್ನು ಅವರು ಬಿಡಿಸುತ್ತಾರೆ: ಉಳಿ ಬಾಚಿ ಹಿಡಿದಾಗ ಬಡಗಿ ಕೆಲಸಗಾರ, ಅವನ್ನು ಕೆಳಗಿಟ್ಟು ಮನೆಗೆ ಬಂದಾಗ ಸುಖವಾಗಿರುವ ಮನುಷ್ಯ. ಎಂಟು ತಿಂಗಳ ಮಗುವನ್ನು ಈ ಕಣ್ಣಿನಿಂದ ನೋಡಿದರೆ ಒಂದು ಅಪರೂಪದ ಸಂಗತಿ ಗೋಚರವಾಗುತ್ತದೆ. ಅಲ್ಲಿ ಕೈಯಿದೆ, ಕೆಲಸವಿದೆ. ‘ನಾನು ಮಾಡಿದೆ’ ಎಂಬ ಹಕ್ಕಿನ ಮಾತು ಇನ್ನೂ ಹುಟ್ಟಿಲ್ಲ. ಅದು ಬರುವುದು ಒಂದೂವರೆ, ಎರಡು ವರ್ಷದ ಸುಮಾರಿಗೆ, ಚಮಚ ಕಿತ್ತುಕೊಂಡು ‘ನಾನೇ’ ಎಂದು ಕಿರುಚುವ ಪ್ರಾಯದಲ್ಲಿ. ಮಾಡುವುದು ಮೊದಲು, ಮಾಡುವವನು ಆಮೇಲೆ.

ರಾಮಾನುಜರ ಉತ್ತರ ತಟ್ಟೆಗೆ ಇನ್ನೂ ಹತ್ತಿರದ್ದು. ಮೇಲುಕೋಟೆಯ ನೆನಪಿನೊಂದಿಗೆ ಕನ್ನಡ ನಾಡಿಗೆ ಸೇರಿಹೋದ ಈ ಆಚಾರ್ಯರು ಶ್ರೀಭಾಷ್ಯದಲ್ಲಿ ಹೇಳುವಂತೆ, ಮೊದಲ ಯತ್ನ ಜೀವನದು. ಅದನ್ನು ನೋಡಿ ಪರಮಾತ್ಮ ಅನುಮತಿ ಕೊಟ್ಟು ನಡೆಸುತ್ತಾನೆ. ಅವರು ಕೊಡುವ ಉದಾಹರಣೆ ಇಬ್ಬರಿಗೆ ಸೇರಿದ ಹಣದ್ದು. ಒಬ್ಬ ಅದನ್ನು ಮೂರನೆಯವನಿಗೆ ಕೊಡಬೇಕಾದರೆ ಇನ್ನೊಬ್ಬ ಒಪ್ಪಲೇಬೇಕು, ಆದರೂ ಕೊಟ್ಟ ಫಲ ಮುಂದಾಗಿ ಕೊಟ್ಟವನದೇ. ಅನುಮತಿಯಿಲ್ಲದೆ ಕೆಲಸ ನಡೆಯದು, ಅನುಮತಿ ಕೊಟ್ಟವನು ಕೆಲಸವನ್ನು ತನ್ನದೆನ್ನುವುದೂ ಇಲ್ಲ. ಮಧ್ವ ಪರಂಪರೆಯಲ್ಲಿ ಇದಕ್ಕೆ ದತ್ತಸ್ವಾತಂತ್ರ್ಯವೆಂಬ ಮಾತಿದೆ: ಜೀವ ಎಂದಿಗೂ ಪರತಂತ್ರ, ಅವನಿಗಿರುವ ಸ್ವಾತಂತ್ರ್ಯ ಹರಿ ಕೊಟ್ಟದ್ದು. ಕೊಟ್ಟದ್ದೆಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ತಾಯಿ ಹಿಡಿಸಿದ ಗೆಣಸು ಮಗುವಿನ ಮುಷ್ಟಿಯಲ್ಲಿ ನಿಜವಾಗಿ ಮಗುವಿನದೇ ಆಗಿರುವಂತೆ.

ಶ್ರೀವೈಷ್ಣವರೊಳಗೆ ರಾಮಾನುಜರ ನಂತರ ನಡೆದ ಮರ್ಕಟನ್ಯಾಯ, ಮಾರ್ಜಾಲನ್ಯಾಯಗಳ ವಾದವೂ ಕೂಸಿನ ಮೇಲೇ ನಿಂತಿದೆ. ಕೋತಿಮರಿ ತಾಯಿಯನ್ನು ತಾನೇ ಅವುಚಿ ಹಿಡಿಯುತ್ತದೆ. ಬೆಕ್ಕಿನ ಮರಿಯನ್ನು ತಾಯಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ವೇದಾಂತದೇಶಿಕರನ್ನು ಅನುಸರಿಸುವ ವಡಗಲೆಯವರು ಮೊದಲನೆಯದನ್ನು, ಪಿಳ್ಳೈ ಲೋಕಾಚಾರ್ಯರನ್ನು ಅನುಸರಿಸುವ ತೆಂಗಲೆಯವರು ಎರಡನೆಯದನ್ನು ಶರಣಾಗತಿಯ ಮಾದರಿಯಾಗಿ ಹಿಡಿದರು. ಮನುಷ್ಯರ ಮಗು ಇವೆರಡೂ ಹೌದು. ಆರು ತಿಂಗಳವರೆಗೆ ಬೆಕ್ಕಿನ ಮರಿ, ಆಮೇಲೆ ನಿಧಾನವಾಗಿ ಕೋತಿಮರಿ. ಒಂದು ನ್ಯಾಯದಿಂದ ಇನ್ನೊಂದಕ್ಕೆ ದಾಟುವ ಹೊತ್ತಿನ ಬಗ್ಗೆ ಎರಡೂ ಪಕ್ಷದ ದೃಷ್ಟಾಂತಗಳು ಏನೂ ಹೇಳುವುದಿಲ್ಲ, ಯಾಕೆಂದರೆ ಪ್ರಾಣಿಗಳಲ್ಲಿ ಆ ದಾಟು ಇಲ್ಲ.

ಸ್ವಾತಂತ್ರ್ಯ ಕೊಟ್ಟರೆ ಮಗು ಸರಿಯಾದದ್ದನ್ನೇ ತಿನ್ನುತ್ತದೆಯೇ ಎಂಬ ಅನುಮಾನಕ್ಕೆ ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ 1928ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಹುಡುಕಿತು. ಆಗಷ್ಟೇ ಹಾಲು ಬಿಡಿಸಿದ ಕೂಸುಗಳ ಮುಂದೆ ಹಲವು ಬಗೆಯ ಸಾದಾ ಆಹಾರಗಳನ್ನು ಇಟ್ಟು, ದಾದಿಯರು ತಾವಾಗಿ ಏನನ್ನೂ ಕೊಡದೆ, ಒತ್ತಾಯಿಸದೆ, ಮಗು ಕೈಚಾಚಿದ್ದನ್ನು ಮಾತ್ರ ತಿನ್ನಲು ನೆರವಾಗಬೇಕೆಂಬ ನಿಯಮವಿತ್ತು. ಮಕ್ಕಳು ಒಂದೊಂದು ಹೊತ್ತು ವಿಚಿತ್ರವಾಗಿ ಆರಿಸಿಕೊಂಡರೂ ಒಟ್ಟಿನಲ್ಲಿ ಚೆನ್ನಾಗಿ ಬೆಳೆದರು. ಇದನ್ನು ಮಗುವಿನ ಸಹಜ ಜ್ಞಾನದ ಗೆಲುವೆಂದು ಹಲವರು ಹೊಗಳಿದರು. ಡೇವಿಸ್ ಅವರೇ 1939ರಲ್ಲಿ ಅದಕ್ಕೆ ಕಡಿವಾಣ ಹಾಕಿದರು: ಪ್ರಯೋಗದ ಗುಟ್ಟು ಇದ್ದದ್ದು ಆಹಾರದ ಪಟ್ಟಿಯಲ್ಲಿ, ಸಕ್ಕರೆಯ, ಸಂಸ್ಕರಿಸಿದ ತಿನಿಸುಗಳು ಆ ಪಟ್ಟಿಯಲ್ಲೇ ಇರಲಿಲ್ಲ, ಪಟ್ಟಿ ಮಾಡುವುದು ಹಿರಿಯರ ಹೊಣೆಯೇ. ಅನುಮತಿಯ ಬಗ್ಗೆ ರಾಮಾನುಜರು ಹೇಳಿದ್ದನ್ನು ಪ್ರಯೋಗಾಲಯದಲ್ಲಿ ನೋಡಿದಂತಿದೆ ಇದು. ಎಟುಕುವಲ್ಲಿ ಏನಿರಬೇಕೆಂಬುದು ಹಿರಿಯರ ಕೈಯಲ್ಲಿ, ಎಟುಕಿದ್ದರಲ್ಲಿ ಯಾವುದು, ಎಷ್ಟು ಎಂಬುದು ಮಗುವಿನ ಕೈಯಲ್ಲಿ. ಬಿಸ್ಕತ್ತಿನ ಪೊಟ್ಟಣವನ್ನೂ ಗೆಣಸನ್ನೂ ಅಕ್ಕಪಕ್ಕ ಇಟ್ಟು ಮಗುವಿನ ಆಯ್ಕೆಯನ್ನು ದೂರುವುದು ಅನ್ಯಾಯ.

ಪ್ರಸಾದದ ಪ್ರಶ್ನೆ ಇದಕ್ಕಿಂತ ಬಿಗಿಯಾದದ್ದು, ಈ ಸೀಮೆಗಂತೂ ತೀರ ಹತ್ತಿರದ್ದು. ತಿಪಟೂರು, ಚಿಕ್ಕನಾಯಕನಹಳ್ಳಿಗಳಲ್ಲಿ ಲಿಂಗಾಯತ ಮನೆಗಳು ಬಹಳ. ತುರುವೇಕೆರೆಗೆ ಹತ್ತಿರದ ಎಡೆಯೂರಿನಲ್ಲಿ ಷಟ್‌ಸ್ಥಲ ಜ್ಞಾನಸಾರಾಮೃತವನ್ನು ರಚಿಸಿದ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿದೆ. ಶರಣರ ಷಟ್‌ಸ್ಥಲದಲ್ಲಿ ಭಕ್ತ, ಮಹೇಶರ ನಂತರ ಬರುವವನು ಪ್ರಸಾದಿ. ಬಂದದ್ದನ್ನೆಲ್ಲ ಲಿಂಗಕ್ಕೆ ಅರ್ಪಿಸಿ, ಮರಳಿ ಬಂದದ್ದನ್ನು ಪ್ರಸಾದವೆಂದು ಸ್ವೀಕರಿಸುವುದು ಅವನ ನಿಲುವು. ಒಂದೊಂದು ಸ್ಥಲಕ್ಕೂ ಅರ್ಪಿಸುವ ಒಂದೊಂದು ಹಸ್ತವನ್ನು ಹೇಳುವ ಈ ಶಾಸ್ತ್ರ ಪ್ರಸಾದಿಗೆ ಹೇಳುವುದು ನಿರಹಂಕಾರ ಹಸ್ತವನ್ನು. ಕೂಸಿಗೆ ಲಿಂಗಧಾರಣೆ ಹುಟ್ಟಿದ ಕೆಲವೇ ದಿನಗಳಲ್ಲಿ ಆಗಿರುತ್ತದೆ; ಅರ್ಪಿಸುವ ಅರಿವು ಮಾತ್ರ ಅದಕ್ಕಿಲ್ಲ. ಅರಿವಿಲ್ಲದ ನಿರಹಂಕಾರವೂ ಅರಿತು ಬಿಟ್ಟ ನಿರಹಂಕಾರವೂ ಒಂದೇ ಎಂದು ಶರಣರು ಎಂದೂ ಹೇಳರು. ಮಗು ಪ್ರಸಾದಿಯಲ್ಲ. ಆದರೆ ಪ್ರಸಾದಿ ತನ್ನ ಸಾಧನೆಯಿಂದ ಮರಳಿ ಪಡೆಯಬೇಕಾದ ಕೈ ಹೇಗಿರುತ್ತದೆ ಎಂಬುದು ಆ ಮಗುವಿನಲ್ಲಿ ಕಾಣಸಿಗುತ್ತದೆ.

ನಿಷ್ಠೆಯುಳ್ಳ ಮನೆಗಳಲ್ಲಿ ಪ್ರಸಾದದ ಅಗುಳೂ ಚೆಲ್ಲಬಾರದು. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವ ಹಿರಿಯರು ಇಂದಿಗೂ ಇದ್ದಾರೆ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯದೂ ಇದೇ ಭಾವ. ವರುಣನ ಮಗ ಭೃಗು ತಪಸ್ಸಿನಿಂದ ಮೊದಲು ಅರಿಯುವುದು ಅನ್ನವೇ ಬ್ರಹ್ಮವೆಂದು. ಅಲ್ಲಿಂದ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದಕ್ಕೆ ಏರಿದರೂ, ಕೊನೆಗೆ ಉಪನಿಷತ್ತು ಮರಳಿ ಅನ್ನಕ್ಕೇ ಬಂದು ಅನ್ನವನ್ನು ನಿಂದಿಸಬಾರದು, ತಳ್ಳಬಾರದು, ಹೆಚ್ಚಿಸಬೇಕು ಎಂಬ ವ್ರತಗಳನ್ನು ಹೇಳುತ್ತದೆ. ತಾನೇ ತಿನ್ನಲು ಕಲಿಯುವ ಮಗು ಮಾಡುವುದು ಇದಕ್ಕೆ ತೀರ ವಿರುದ್ಧ. ಅನ್ನ ನೆಲಕ್ಕೆ ಬೀಳುತ್ತದೆ, ತಲೆಗೆ ಮೆತ್ತಿಕೊಳ್ಳುತ್ತದೆ, ಬಟ್ಟಲು ಮಗುಚಿ ಬೀಳುತ್ತದೆ. ಅನ್ನಕ್ಕೆ ಗೌರವವೋ ಮಗುವಿಗೆ ಅವಕಾಶವೋ ಎಂಬ ಇಕ್ಕಟ್ಟು ನಿಜವಾದದ್ದು. ಅಜ್ಜಿ ಗದರಿಸಿದರೆ ಅದರಲ್ಲಿ ಒಂದು ದೊಡ್ಡ ನಂಬಿಕೆಯ ತೂಕವಿದೆ.

ಈ ಇಕ್ಕಟ್ಟಿಗೆ ಗೌತಮ ಧರ್ಮಸೂತ್ರದಲ್ಲಿ ಒಂದು ಬಾಗಿಲಿದೆ. ಉಪನಯನಕ್ಕೆ ಮೊದಲು ಮಗು ಇಷ್ಟದಂತೆ ನಡೆಯಬಹುದು, ಇಷ್ಟದಂತೆ ಮಾತಾಡಬಹುದು, ಇಷ್ಟದಂತೆ ತಿನ್ನಬಹುದು ಎಂದು ಅದು ನಿಯಮಗಳನ್ನೆಲ್ಲ ಸಡಿಲಿಸುತ್ತದೆ. ಮಡಿ, ಮೈಲಿಗೆ, ಎಂಜಲು, ಎಡಗೈ ಬಲಗೈ ಯಾವುದೂ ಆ ಪ್ರಾಯಕ್ಕಿಲ್ಲ. ಶಾಸ್ತ್ರ ಕೊಟ್ಟ ಈ ಸಡಿಲವನ್ನು ಮನೆಯವರು ಕಸಿದುಕೊಳ್ಳಲು ಕಾರಣವೇ ಇಲ್ಲ. ಅನ್ನದ ಗೌರವ ಉಳಿಸುವ ಹೊಣೆ ಹಿರಿಯರದು. ಒಮ್ಮೆಗೆ ಎರಡೇ ತುಂಡು ಇಡುವುದು, ಕೆಳಗೆ ತೊಳೆದ ಬಟ್ಟೆ ಹಾಸುವುದು, ಬಿದ್ದದ್ದನ್ನು ಕೊಟ್ಟಿಗೆಯ ದನಕ್ಕೋ ಕೋಳಿಗೋ ಹಾಕುವುದು ಅವರಿಂದ ಆಗುವ ಕೆಲಸ. ಮಗುವಿನ ಎಂಜಲನ್ನು ತಾಯಿ ಹಿಂದೆಮುಂದೆ ನೋಡದೆ ಬಾಯಿಗೆ ಹಾಕಿಕೊಳ್ಳುವುದೂ ಅನ್ನವನ್ನು ವ್ಯರ್ಥ ಮಾಡದ ವ್ರತವೇ. ಕೈಗೆ ಮೆತ್ತಿಕೊಳ್ಳದೆ ಅನ್ನದ ಬೆಲೆ ತಿಳಿಯುವ ಬಗೆಯಿಲ್ಲ. ಬಿಸಿ, ತಣ್ಣಗೆ, ಜಿಗುಟು, ಉದುರು ಎಂಬ ಭೇದಗಳನ್ನು ಬಾಯಿಗಿಂತ ಮೊದಲು ತಿಳಿಯುವುದು ಬೆರಳು.

ಯಾರ ಕೈಯಿಂದ ಉಣ್ಣಬಹುದು, ಯಾರ ಕೈಯಿಂದ ಕೂಡದು ಎಂಬುದು ನಮ್ಮ ಸಮಾಜದಲ್ಲಿ ಜಾತಿಯನ್ನು ಕಾಪಾಡಿಕೊಂಡು ಬಂದ ಬೇಲಿಗಳಲ್ಲಿ ದೊಡ್ಡದು. ಮೊದಲ ತುತ್ತಿನೊಂದಿಗೆ ಆ ಬೇಲಿಯೂ ಮಗುವಿನ ಸುತ್ತ ಏಳುತ್ತದೆ. ತಾನೇ ಎತ್ತಿ ತಿನ್ನುವ ಕೈಗೆ ಅದು ಗೊತ್ತಿಲ್ಲ. ಪಕ್ಕದ ಮಗುವಿನ ಬಟ್ಟಲಿಗೆ ಕೈಹಾಕುತ್ತದೆ, ತನ್ನ ಬಾಯಿಯ ತುಂಡನ್ನು ಎ‌ದುರು ಕೂತವರ ಬಾಯಿಗೆ ಒತ್ತುತ್ತದೆ. ಶರಣರು ಕಲ್ಯಾಣದಲ್ಲಿ ಕಟ್ಟಲು ಹೊರಟ ಸಹಪಂಕ್ತಿ ಈ ವಯಸ್ಸಿಗೆ ಸಹಜ. 1975ರಲ್ಲಿ ದೇಶದಲ್ಲಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಮೂರು ವರ್ಷ ದಾಟಿದ ಮಕ್ಕಳು ಒಂದೇ ಪಾತ್ರೆಯ ಅಡುಗೆಯನ್ನು ಸಾಲಾಗಿ ಕೂತು ತಮ್ಮ ಕೈಯಿಂದಲೇ ಉಣ್ಣುತ್ತಾರೆ. ಅಡುಗೆ ಮಾಡಿದವರ ಜಾತಿ ಕೇಳಿ ಮಗುವನ್ನು ಆ ಸಾಲಿನಿಂದ ಎಬ್ಬಿಸುವ ಹಿರಿಯರು ಪ್ರಸಾದದ ಹೆಸರೆತ್ತುವ ಅರ್ಹತೆಯನ್ನು ಕಳೆದುಕೊಳ್ಳುತ್ತಾರೆ.

ಜಿಲ್ಲೆಯ ಸಿದ್ಧಗಂಗಾ ಮಠದ ದಾಸೋಹ ಇದೇ ಮಾತನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ಆ ಪಂಕ್ತಿಯಲ್ಲಿ ಸಾವಿರಾರು ವಿದ್ಯಾರ್ಥಿಗಳು ಕೂರುತ್ತಾರೆ. ಅಲ್ಲಿ ಬಡಿಸುವವರಿದ್ದಾರೆ, ಉಣಿಸುವವರಿಲ್ಲ. ಬಡಿಸುವವನು ಎಲೆಯವರೆಗೆ ಮಾತ್ರ ಹೋಗುತ್ತಾನೆ. ಎಲೆಯಿಂದ ಬಾಯಿಯವರೆಗಿನ ದಾರಿ ಉಣ್ಣುವವನದು. ತಾಯಿಯೂ ಮಗುವಿನ ಎರಡನೆಯ ಅರ್ಧವರ್ಷದಲ್ಲಿ ಉಣಿಸುವವಳಾಗಿದ್ದು ಬಡಿಸುವವಳಾಗುತ್ತಾಳೆ. ದಾಸೋಹಿಗೆ ಹಸಿವಿನ ಮೇಲೆ ಅಧಿಕಾರವಿಲ್ಲ. ಇನ್ನು ಸಾಕು ಎಂದು ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನು ಅವನು ಗೌರವಿಸಲೇಬೇಕು. ಮುಖ ತಿರುಗಿಸುವುದು, ಬಾಯಿ ಬಿಗಿಹಿಡಿಯುವುದು ಕೂಸಿನ ಅಡ್ಡಗೈ.

ಮುಂಡಕ ಉಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳು ಕೂತಿವೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಜೀವ, ಈಶ್ವರರ ಈ ಚಿತ್ರದಲ್ಲಿ ನೋಡುವ ಹಕ್ಕಿ ಸುಮ್ಮನಿದ್ದರೂ ಅಗಲಿ ಹೋಗಿಲ್ಲ ಎಂಬುದು ಮುಖ್ಯ. ಉಣ್ಣುವ ಮಗುವಿನ ಹತ್ತಿರ ಕೂರುವವರ ಕೆಲಸವೂ ಅದೇ, ಮತ್ತು ಅದಕ್ಕೆ ತಿಳಿವಳಿಕೆ ಬೇಕು. ತುಂಡು ನಾಲಿಗೆಯ ಹಿಂದಕ್ಕೆ ಹೋದಾಗ ಮಗು ಕೆಮ್ಮಿ, ಮುಖ ಕೆಂಪಾಗಿ, ಓಕರಿಸಿ ಅದನ್ನು ಮುಂದಕ್ಕೆ ತರುತ್ತದೆ. ಇದು ರಕ್ಷಣೆಯ ಪ್ರತಿಕ್ರಿಯೆ. ಕೂಸುಗಳಲ್ಲಿ ಇದು ದೊಡ್ಡವರಿಗಿಂತ ಬೇಗ ಎಚ್ಚರಗೊಳ್ಳುತ್ತದೆ. ಆಗ ಬಾಯಿಗೆ ಬೆರಳು ಹಾಕಿದರೆ ತುಂಡು ಇನ್ನೂ ಒಳಗೆ ಹೋಗಬಹುದು. ಸದ್ದೇ ಇಲ್ಲದೆ, ಉಸಿರೆಳೆಯಲಾಗದೆ, ತುಟಿ ನೀಲಿಗಟ್ಟಿದರೆ ಅದು ಸಿಕ್ಕಿಕೊಂಡ ಲಕ್ಷಣ. ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ತಲೆ ತಗ್ಗಾಗುವಂತೆ ಬೋರಲು ಹಿಡಿದು ಹೆಗಲಮೂಳೆಗಳ ನಡುವೆ 5 ಸಲ ಗಟ್ಟಿಯಾಗಿ ತಟ್ಟಿ, ಹೊರಳಿಸಿ ಎದೆಮೂಳೆಯ ಮೇಲೆ 5 ಸಲ ಒತ್ತಬೇಕು. ತುಂಡು ಹೊರಬರುವವರೆಗೆ ಎರಡನ್ನೂ ಮುಂದುವರಿಸುತ್ತಲೇ ನೆರವು ಕರೆಯಬೇಕು. ಯಾವಾಗ ಸುಮ್ಮನಿರಬೇಕು, ಯಾವಾಗ ಒಂದು ಕ್ಷಣವೂ ಸುಮ್ಮನಿರಬಾರದು ಎಂಬ ಈ ವಿವೇಕವಿಲ್ಲದ ಸಾಕ್ಷಿಭಾವ ಬರೀ ಉದಾಸೀನ.

ಈಗಿನ ಮನೆಗಳಲ್ಲಿ ಇನ್ನೊಂದು ವಿಘ್ನ ಬಂದಿದೆ. ಮಗುವಿನ ಕಣ್ಣೆದುರು ಮೊಬೈಲ್ ಹಿಡಿದು, ಅದು ಮೈಮರೆತು ಬಾಯಿ ತೆರೆದಾಗ ಚಮಚ ತುರುಕುವುದು. ಬಟ್ಟಲು ಬೇಗ ಖಾಲಿಯಾಗುತ್ತದೆ. ಆದರೆ ಆ ಊಟದಲ್ಲಿ ಮಗು ಕರ್ತೃವೂ ಅಲ್ಲ, ಭೋಕ್ತೃವೂ ಅಲ್ಲ. ರುಚಿ, ಹಸಿವು, ಸಾಕು ಎಂಬ ಮೂರೂ ಅದಕ್ಕೆ ಅಪರಿಚಿತವಾಗಿಯೇ ಉಳಿಯುತ್ತವೆ. ಚಂದ್ರನನ್ನು ತೋರಿಸಿ ಉಣಿಸುತ್ತಿದ್ದ ಕಾಲಕ್ಕೂ ಇದಕ್ಕೂ ಹೋಲಿಕೆ ಸಲ್ಲದು. ಅಲ್ಲಿ ತಾಯಿಯ ಮುಖ, ಮಾತು, ತುತ್ತು ಮೂರೂ ಒಟ್ಟಿಗಿದ್ದವು.

ತನ್ನ ಕೈಯಿಂದ ತಿನ್ನುವುದನ್ನು ಇಷ್ಟು ಎತ್ತಿ ಹಿಡಿದರೆ, ತಿನ್ನಲಾರದವರ ಗತಿಯೇನು ಎಂಬ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಲಕ್ವ ಹೊಡೆದವರು, ಕೈ ನಡುಗುವ ಮುದುಕರು, ಹುಟ್ಟಿನಿಂದ ಕೈ ಸ್ವಾಧೀನವಿಲ್ಲದವರು ಬಾಳಿಡೀ ಇನ್ನೊಬ್ಬರ ಕೈಯಿಂದ ಉಣ್ಣಬೇಕಾಗಬಹುದು. ಸಾಯುವವರ ಬಾಯಿಗೆ ನೀರು ಬಿಡುವುದೂ ಇನ್ನೊಬ್ಬರೇ. ಸ್ವಂತ ಕೈಯೇ ಮನುಷ್ಯತ್ವದ ಅಳತೆಯಾದರೆ ಇವರೆಲ್ಲ ಅದರಿಂದ ಹೊರಗುಳಿಯಬೇಕಾಗುತ್ತದೆ. ಮೇಲೆ ಹೇಳಿದ ಯಾವ ದರ್ಶನವೂ ಆ ಅಳತೆಯನ್ನು ಒಪ್ಪುವುದಿಲ್ಲ, ಯಾಕೆಂದರೆ ಅವುಗಳ ಪ್ರಕಾರ ಗಟ್ಟಿಮುಟ್ಟಾದ ಕೈಯ ಕರ್ತೃತ್ವವೂ ಕೊಟ್ಟದ್ದೇ. ಅಳತೆ ಇರಬೇಕಾದದ್ದು ಕೇಳುವುದರಲ್ಲಿ: ತುತ್ತು ಎತ್ತುವ ಮೊದಲು ಹಸಿವಿದೆಯೇ, ಬೇಕೇ, ಸಾಕೇ ಎಂದು ಎದುರಿನ ಜೀವವನ್ನು ಕೇಳಲಾಯಿತೇ? ಕೇಳಿ ಉಣಿಸಿದ ಮುದುಕರು ಸ್ವತಂತ್ರರು. ಕೈಯಿದ್ದೂ ತುರುಕಿಸಿಕೊಂಡ ಮಗು ಪರತಂತ್ರ.

ಎರಡು ಕೈಗಳ ನಡುವೆ ಕನ್ನಡದ ಮನೆಗಳು ಒಂದು ಮೂರನೆಯ ರೀತಿಯನ್ನೂ ಉಳಿಸಿಕೊಂಡಿವೆ. ಮಿಕ್ಕ ಅನ್ನಕ್ಕೆ ಸಾರು, ತುಪ್ಪ ಹಾಕಿ ಒಂದೇ ಪಾತ್ರೆಯಲ್ಲಿ ಕಲಸಿ, ಸುತ್ತ ಕೂತ ಮಕ್ಕಳಿಗೆ ಅಜ್ಜಿ ಕೈತುತ್ತು ಹಾಕುತ್ತಾಳೆ. ತುತ್ತು ಬೀಳುವುದು ಮಗುವಿನ ಅಂಗೈಗೆ. ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ ಗೊಜ್ಜೋ ಸಾರೋ ತುಂಬಿರುತ್ತಾಳೆ, ಅದು ಸೋರುವ ಮೊದಲು ಬಾಯಿಗೆ ಹಾಕಿಕೊಳ್ಳುವ ಕೆಲಸ ಮಗುವಿನದು. ಒಂದೂವರೆ ಎರಡು ವರ್ಷದ ಮಕ್ಕಳು ಈ ಸಾಲಿನ ಕೊನೆಯಲ್ಲಿ ಕೂರಬಲ್ಲರು. ಆ ಹೊತ್ತಿಗೆ ಚಮಚ ಮತ್ತೆ ಬರುತ್ತದೆ, ಈ ಸಲ ಮಗುವಿನ ಕೈಗೆ; ಹಿಡಿಯುವುದನ್ನು ಕೆಲವು ತಿಂಗಳು ತಪ್ಪುತ್ತ ಕಲಿಯುತ್ತದೆ. ಜ್ವರ ಬಂದಾಗ, ನಿದ್ದೆಗಣ್ಣಿನಲ್ಲಿರುವಾಗ ತಾಯಿಯ ಕೈಯಿಂದಲೇ ಬೇಕೆಂದು ಹಟ ಮಾಡಿದರೆ ಕಲಿತದ್ದು ಮರೆತುಹೋಯಿತೆಂದು ಹೆದರಬೇಕಾಗಿಲ್ಲ. ಜ್ವರ ಬಿಟ್ಟ ಮೇಲೆ ಬಟ್ಟಲು ಎದುರಿಗಿಟ್ಟರೆ ಸಾಕು.